ಚೆಂಡು ಉರುಳಲಿ, ಮಕ್ಕಳೆಲ್ಲ ಓಡಲಿ

ಮಹಾಭಾರತದ ಆದಿಪರ್ವದಲ್ಲಿ ದ್ರೋಣನಿಗೆ ಹಸ್ತಿನಾವತಿಯ ಬಾಗಿಲು ತೆರೆಯುವುದು ಮಕ್ಕಳಾಟವೊಂದರಿಂದ. ರಾಜಕುಮಾರರು ಆಡುತ್ತಿದ್ದ ಆಟಿಕೆ ಬಾವಿಗೆ ಬೀಳುತ್ತದೆ. ಅದನ್ನು ಮೇಲೆತ್ತುವ ಉಪಾಯ ತೋರದೆ ಹುಡುಗರು ನಿಂತಿರುವಾಗ ಆ ಬಡ ಬ್ರಾಹ್ಮಣ ಹುಲ್ಲುಕಡ್ಡಿಗಳನ್ನು ಒಂದರ ಬೆನ್ನಿಗೊಂದು ನಾಟಿಸಿ ಅದನ್ನು ಹೊರತೆಗೆದು ಕೊಡುತ್ತಾನೆ. ಮೂಲದಲ್ಲಿ ಆ ಆಟಿಕೆಗೆ ‘ವೀಟಾ’ ಎಂಬ ಹೆಸರುಂಟು. ಅದನ್ನು ಚೆಂಡೆಂದು ತಿಳಿದವರೂ ಇದ್ದಾರೆ, ಚಿಣಿಕೋಲಿನ ಚಿಣಿಯೆಂದು ತಿಳಿದವರೂ ಇದ್ದಾರೆ. ಅದೇನೇ ಇರಲಿ, ಗುರುವಿಗೂ ಶಿಷ್ಯರಿಗೂ ಮೊದಲ ಸಂಬಂಧ ಬೆಳೆದದ್ದು ಆಟದ ಬಯಲಿನಲ್ಲಿ ಎಂಬುದು ಮನಸ್ಸಿಗೆ ಹಿತವಾದ ಸಂಗತಿ.

ಅದೇ ಪರ್ವದಲ್ಲಿ ಮುಂದೆ ಬರುವ ಪರೀಕ್ಷೆಯ ಪ್ರಸಂಗವನ್ನೂ ನೀವೆಲ್ಲ ಬಲ್ಲಿರಿ. ಮರದ ತುದಿಯಲ್ಲಿ ಒಂದು ಕೃತಕ ಪಕ್ಷಿ. ಗುರು ಒಬ್ಬೊಬ್ಬರನ್ನೇ ಕರೆದು, ಏನು ಕಾಣುತ್ತದೆಂದು ಕೇಳುತ್ತಾನೆ. ಧರ್ಮರಾಯನಿಗೆ ಮರ ಕಂಡಿತು, ಗುರು ಕಂಡನು, ಒಡಹುಟ್ಟಿದವರೂ ಕಂಡರು. ಅವನನ್ನು ಬದಿಗೆ ಸರಿಸಲಾಯಿತು. ದುರ್ಯೋಧನಾದಿಗಳಿಗೂ ಭೀಮನಿಗೂ ಅದೇ ಗತಿ. ಪಕ್ಷಿಯ ತಲೆಯನ್ನಲ್ಲದೆ ಬೇರೇನನ್ನೂ ಕಾಣದ ಅರ್ಜುನನಿಗೆ ಮಾತ್ರ ಬಾಣ ಬಿಡುವ ಅಪ್ಪಣೆ ದೊರೆಯಿತು. ನಾವು ಈ ಕಥೆಯನ್ನು ಏಕಾಗ್ರತೆಯ ಪಾಠವೆಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಶಿಕ್ಷಕನ ಕಣ್ಣಿನಿಂದ ನೋಡಿದರೆ ಇನ್ನೊಂದು ಲೆಕ್ಕವೂ ಕಾಣುತ್ತದೆ: ನೂರೈದು ಜನ ಅಣ್ಣತಮ್ಮಂದಿರ ಆ ತರಗತಿಯಲ್ಲಿ ಅಂದು ಬಾಣ ಬಿಟ್ಟವನು ಒಬ್ಬನೇ. ಉಳಿದವರು ಬಿಲ್ಲನ್ನು ಹಿಡಿದು ನಿಂತರು, ಬೈಸಿಕೊಂಡರು, ಸರಿದು ನಿಂತರು. ಒಬ್ಬ ಬಿಲ್ಲುಗಾರನನ್ನು ಆರಿಸಲು ಇದಕ್ಕಿಂತ ಮೇಲಾದ ಪರೀಕ್ಷೆ ಇರಲಾರದು. ಎಲ್ಲರಿಗೂ ಬಿಲ್ವಿದ್ಯೆ ಬರಬೇಕಾದರೆ ಎಲ್ಲರೂ ಬಾಣ ಬಿಡಬೇಕಷ್ಟೆ.

ನಮ್ಮ ಪ್ರಾಥಮಿಕ ಶಾಲೆಗಳ ಆಟದ ಅವಧಿಯಲ್ಲಿ ಇಂದಿಗೂ ನಡೆಯುವುದು ಬಹುಮಟ್ಟಿಗೆ ದ್ರೋಣನ ಪರೀಕ್ಷೆಯೇ. ಗುರಿಯಿಟ್ಟು ಚೆಂಡು ಉರುಳಿಸಿ ಎದುರಿನ ಗೂಟಗಳನ್ನು ಕೆಡಹುವ ಒಂದು ಸರಳವಾದ ಆಟವನ್ನೇ ತೆಗೆದುಕೊಳ್ಳೋಣ. ತರಗತಿಯಲ್ಲಿ 40 ಮಕ್ಕಳು. ಅವಧಿ 40 ನಿಮಿಷ. ಇರುವುದು ಒಂದು ಚೆಂಡು, ಒಂದು ಸಾಲು ಗೂಟ. ಒಂದು ಮಗು ಮುಂದೆ ಬಂದು, ಚೆಂಡು ಉರುಳಿಸಿ, ಬಿದ್ದ ಗೂಟಗಳನ್ನು ಮತ್ತೆ ನಿಲ್ಲಿಸುವುದಕ್ಕೆ ಅರ್ಧ ನಿಮಿಷವೆಂದಿಟ್ಟುಕೊಂಡರೂ ಒಂದು ಸುತ್ತು ಮುಗಿಯಲು 20 ನಿಮಿಷ ಬೇಕು. ಅಂದರೆ ಇಡೀ ಅವಧಿಯಲ್ಲಿ ಒಂದು ಮಗುವಿಗೆ ದೊರೆಯುವ ಸರದಿ ಎರಡು; ಅದು ಆಡುವುದು 1 ನಿಮಿಷ, ನಿಲ್ಲುವುದು 39 ನಿಮಿಷ. ಸಾಲಿನಲ್ಲಿ ನಿಂತ ಮಗು ಮುಂದಿನವನ ಜಡೆಯನ್ನೋ ಅಂಗಿಯನ್ನೋ ಎಳೆಯುತ್ತದೆ, ಗದ್ದಲವಾಗುತ್ತದೆ, ಗದ್ದಲ ಮಾಡಿದ್ದಕ್ಕೆ ಏಟೋ ಗದರಿಕೆಯೋ ಬೀಳುತ್ತದೆ. ಈ ಅಶಿಸ್ತಿನ ತಾಯಿಬೇರು ಆ ಉದ್ದನೆಯ ಸಾಲಿನಲ್ಲಿದೆ. 5ರಿಂದ 17 ವರ್ಷದೊಳಗಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆ 60 ನಿಮಿಷದ ಲೆಕ್ಕಕ್ಕೆ ನಮ್ಮ ಸಾಲು ಕೊಡುವ ಕಾಣಿಕೆ ಒಂದು ನಿಮಿಷ.

ಈ ಮಾತನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಸಬಯಸುತ್ತೇನೆ. ಈಚಿನ ವರ್ಷಗಳಲ್ಲಿ ಈ ಹಳೆಯ ತಾಲೂಕುಗಳನ್ನು ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮುಂತಾದ ಹೊಸ ತಾಲೂಕುಗಳನ್ನು ಮಾಡಲಾಗಿದೆ. ಆದರೂ ನೆಲದ ಗುಣ ಒಂದೇ. ಬಡಗಣದಲ್ಲಿ ಭೀಮೆ, ತೆಂಕಣದಲ್ಲಿ ಕೃಷ್ಣೆ, ನಡುವೆ ಡೋಣಿ. ಕಣ್ಣು ಹರಿದಷ್ಟು ದೂರ ಎರೆಭೂಮಿ, ಬಿಳಿಜೋಳ. ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಸಿಸು ಸಂಗಮೇಶರಂಥ ಮಕ್ಕಳ ಕವಿಗಳನ್ನು ಕನ್ನಡಕ್ಕೆ ಕೊಟ್ಟ ಜಿಲ್ಲೆ ಇದು. ಮಕ್ಕಳ ನಾಲಗೆಗೆ ಹಾಡನ್ನು ಕೊಟ್ಟ ಸೀಮೆಯಲ್ಲಿ ಮಕ್ಕಳ ಕಾಲಿಗೆ ಆಟವೂ ಇರಬೇಕಾದದ್ದು ನ್ಯಾಯವೇ.

ಇಲ್ಲಿ ಒಂದು ತೊಡಕುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಬಯಲು ಇರಬೇಕೆನ್ನುತ್ತದೆ. ಪ್ರತಿ ತರಗತಿಗೂ ಅಗತ್ಯಕ್ಕೆ ತಕ್ಕಂತೆ ಆಟದ ಸಾಮಾನುಗಳನ್ನು ಒದಗಿಸಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಬೋಧಕರನ್ನು, ಅದೂ ಅರೆಕಾಲದವರನ್ನು, ಅದು ಹೇಳುವುದು 6ರಿಂದ 8ನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100ನ್ನು ಮೀರಿದಲ್ಲಿ ಮಾತ್ರ. 1ರಿಂದ 5ರವರೆಗಿನ ತರಗತಿಗಳಿಗೆ ಅಂತಹ ಮಾತಿಲ್ಲ. ಆದಕಾರಣ ಹಳ್ಳಿಯ, ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುವ ಅಕ್ಕೋರೇ ಆಟವನ್ನೂ ಆಡಿಸಬೇಕು. ಅವರಿಗೆ ಬೇಕಾದದ್ದು ಶಿಳ್ಳೆ, ಸಮವಸ್ತ್ರ, ಪದಕಗಳ ಕ್ರೀಡೆಯಲ್ಲ. ತಮ್ಮ ಕೈಯಳತೆಯಲ್ಲಿರುವ, ಹಣ ಬೇಡದ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಓಡಿಸುವ ಆಟ.

ಅಂತಹ ಆಟದ ಬೀಜ ಈ ಸೀಮೆಯಲ್ಲಿ ಹೊಸದಾಗಿ ಬಿತ್ತಬೇಕಾದದ್ದೇನೂ ಅಲ್ಲ. ಗೋಲಿಯಾಟದಲ್ಲಿ ಬೆರಳತುದಿಯ ಗುರಿಯಿದೆ. ನಾಗರಪಂಚಮಿ ಬಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಲಿಂಬೆಹಣ್ಣು ಎಸೆಯುವ ಪಂಥ ನಡೆಯುತ್ತದೆ. ಇಂತಿಷ್ಟು ಎಸೆತಗಳಲ್ಲಿ ಹಣ್ಣನ್ನು ಇಂತಿಂಥ ಜಾಗಕ್ಕೆ ಮುಟ್ಟಿಸುತ್ತೇನೆಂದು ಪಣ ತೊಟ್ಟವನ ಹಿಂದೆ ಓಣಿಯೇ ನಡೆಯುತ್ತದೆ. ಲಿಂಬೆಗೆ ಹೆಸರಾದ ಇಂಡಿಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಎರಡು ಪಕ್ಷ. ಕಲ್ಲಿನ ಗೋಪುರ ಉರುಳಿದ ಕ್ಷಣವೇ ಆಟ ನಿಜವಾಗಿ ಆರಂಭವಾಗುತ್ತದೆ: ಒಂದು ಪಕ್ಷ ಚೆಂಡಿನ ಬೆನ್ನು ಹತ್ತುತ್ತದೆ, ಇನ್ನೊಂದು ಪಕ್ಷ ಏಟು ತಪ್ಪಿಸಿಕೊಳ್ಳುತ್ತ ಕಲ್ಲುಗಳನ್ನು ಮತ್ತೆ ಪೇರಿಸುತ್ತದೆ. ಕೆಡಹುವುದು ಇಲ್ಲಿ ಪೀಠಿಕೆ, ಕಟ್ಟುವುದೇ ಗೆಲುವು.

ಪಶ್ಚಿಮದವರ ಬೌಲಿಂಗ್ ಆಟದೊಡನೆ ಇದನ್ನು ಹೋಲಿಸಿ ನೋಡಿದರೆ ಲಗೋರಿಯ ಹೆಚ್ಚುಗಾರಿಕೆ ತಿಳಿಯುತ್ತದೆ. ಗೂಟ ನಿಲ್ಲಿಸಿ ಗುಂಡು ಉರುಳಿಸುವ ಆಟ ಬಹು ಹಳೆಯದು. ಈಜಿಪ್ಟಿನ ನಕಾದಾ ಎಂಬಲ್ಲಿ ಫ್ಲಿಂಡರ್ಸ್ ಪೆಟ್ರಿಯೆಂಬ ವಿದ್ವಾಂಸ 1895ರಲ್ಲಿ ಉತ್ಖನನ ನಡೆಸಿದಾಗ, 5,000 ವರ್ಷಗಳಿಗೂ ಹಿಂದಿನ ಒಂದು ಮಗುವಿನ ಸಮಾಧಿಯಲ್ಲಿ ಕಲ್ಲಿನ ಚಿಕ್ಕ ಗೂಟಗಳೂ ಗುಂಡುಗಳೂ ದೊರೆತವು. ಅವನ್ನು ಅವನು ಇಂತಹದೇ ಆಟದ ಸಾಮಾನೆಂದು ಗುರುತಿಸಿದ. ಮಗುವಿನೊಡನೆ ಅದರ ಆಟವನ್ನೂ ಮಣ್ಣು ಮಾಡಿದ ಆ ತಂದೆತಾಯಿಗಳ ದುಃಖ ಇಂದಿಗೂ ನಮಗೆ ಅರ್ಥವಾಗುತ್ತದೆ. ಕಾಲ ಸರಿದಂತೆ ಯುರೋಪು, ಅಮೆರಿಕಗಳಲ್ಲಿ ಇದು ದೊಡ್ಡವರ ಆಟವಾಯಿತು, ಜೂಜಾಯಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನ 1841ರಲ್ಲಿ ಒಂಬತ್ತು ಗೂಟದ ಆಟವನ್ನು ಕಾನೂನಿನಿಂದ ನಿಷೇಧಿಸಿತು. ಆಮೇಲೆ ಹತ್ತು ಗೂಟದ ಆಟ ಮೆರೆಯಿತು. ಬಿದ್ದ ಗೂಟಗಳನ್ನು ನಿಲ್ಲಿಸಲು ಯಂತ್ರಗಳು ಬರುವ ಮುನ್ನ ಆ ಕೆಲಸಕ್ಕೆ ಬಡವರ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುತ್ತಿದ್ದರು. ಕಳೆದ ಶತಮಾನದ ಆರಂಭದಲ್ಲಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ, ಬಾಲಕಾರ್ಮಿಕರ ಸ್ಥಿತಿಯನ್ನು ಲೋಕಕ್ಕೆ ತೋರಿಸಲು ತೆಗೆದ ಚಿತ್ರಗಳಲ್ಲಿ ಈ ಹುಡುಗರೂ ಇದ್ದಾರೆ. ದೊಡ್ಡವರು ನಿಂತು ಆಡುತ್ತಿದ್ದರು. ಹುಡುಗರು ಓಡಿ ದುಡಿಯುತ್ತಿದ್ದರು.

ಶಾಲೆಯ ಆಟಕ್ಕೆ ಬೇಕಾದ ಸೂತ್ರ ಇಲ್ಲಿಯೇ ಇದೆ. ಗೂಟ ನಿಲ್ಲಿಸುವವನ ಓಟವನ್ನೇ ಆಟದೊಳಕ್ಕೆ ತಂದುಕೊಳ್ಳಬೇಕು. ಉರುಳಿಸುವುದು, ನಿಲ್ಲಿಸುವುದು, ಚೆಂಡು ತರುವುದು, ಈ ಮೂರೂ ಕೆಲಸಗಳು ಸಮನಾದ ಮಾನದವು. ಪ್ರತಿ ಮಗುವೂ ಮೂರನ್ನೂ ಸರದಿಯಂತೆ ಮಾಡತಕ್ಕದ್ದು. ಲಗೋರಿ ನಮಗೆ ಇದನ್ನು ಎಂದೋ ಕಲಿಸಿದೆ.

ಸಾಮಾನಿನ ಮಾತು ಸಣ್ಣದು. ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿಗಳು ಇಂದು ಯಾವ ಜಾತ್ರೆ ಮುಗಿದರೂ ರಾಶಿಯಾಗಿ ಬೀಳುತ್ತವೆ. ಈ ಬಯಲುಸೀಮೆಯ ಗಾಳಿಗೆ ಖಾಲಿ ಬಾಟಲಿ ನಿಲ್ಲದು. ಒಂದೆರಡು ಹಿಡಿ ಉಸುಕು ತುಂಬಿ ಮುಚ್ಚಳ ಬಿಗಿದರೆ ನಿಲ್ಲುತ್ತದೆ. ಉಸುಕು ಹೆಚ್ಚಾದರೆ ಚಿಕ್ಕ ಮಕ್ಕಳ ಚೆಂಡಿಗೆ ಅದು ಬೀಳದು. ಬಾಟಲಿ ಇಲ್ಲದಿದ್ದರೆ ಜೋಳದ ಕಣಿಕೆಯನ್ನು ಗೇಣುದ್ದ ಕತ್ತರಿಸಿ ಕಟ್ಟಿದ ಕಟ್ಟುಗಳೂ ಆದೀತು. ಗಾಜಿನ ಬಾಟಲಿಯನ್ನು ಬಯಲಿನ ಹತ್ತಿರಕ್ಕೂ ತರಕೂಡದು. ಚೆಂಡಿಗೆ ಹಳೆಯ ಅರಿವೆಯನ್ನು ಬಿಗಿಯಾಗಿ ಸುತ್ತಿ, ಸೈಕಲ್ಲಿನ ಹಳೆಯ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮೇಲೆ ಸಿಕ್ಕಿಸಿದರೆ ಸಾಕು. ಅದು ಪುಟಿಯುವುದು ಕಡಿಮೆ, ಉರುಳುವುದು ನಿಧಾನ, ತಗುಲಿದರೆ ನೋವಿಲ್ಲ. ಪ್ರಾಥಮಿಕ ತರಗತಿಗೆ ಈ ಮೂರೂ ಗುಣಗಳೇ.

ನೆಲದ ಮಾತು ಮಾತ್ರ ಸ್ವಲ್ಪ ಕಷ್ಟದ್ದು. ಎರೆಮಣ್ಣು ಮಳೆಯಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಎರಡರಲ್ಲಿಯೂ ಚೆಂಡು ಉರುಳದು. ಗರಸು ಹಾಕಿ ನೀರು ಹೊಡೆದು ಬಡಿದ ಪಟ್ಟಿಯೊಂದಿದ್ದರೆ ಸಾಕು. ರೈತರು ರಾಶಿ ಮಾಡುವುದಕ್ಕಾಗಿ ಕಣವನ್ನು ಕೆತ್ತಿ, ನೀರು ಚಿಮುಕಿಸಿ, ತುಳಿಸಿ, ಸೆಗಣಿ ಸಾರಿಸಿ ಹದಮಾಡುತ್ತಿದ್ದುದನ್ನು ಕಂಡವರಿಗೆ ಆಟದ ನೆಲ ಹೇಗಿರಬೇಕೆಂದು ಹೇಳಬೇಕಾಗಿಲ್ಲ. ಯಂತ್ರಗಳು ಬಂದ ಮೇಲೆ ಅಂತಹ ಕಣಗಳು ಅಪರೂಪವಾದವು. ಆ ವಿದ್ಯೆಯನ್ನು ಬಲ್ಲ ಹಿರಿಯರು ಮಾತ್ರ ಇನ್ನೂ ಊರುಗಳಲ್ಲಿದ್ದಾರೆ. ಶಾಲೆಯ ಬಯಲಿನ ಒಂದು ಮೂಲೆಯನ್ನು ಕಣದಂತೆ ಮಾಡಿಕೊಡಿರೆಂದು ಅವರನ್ನು ಕರೆದರೆ ಒಲ್ಲೆನ್ನಲಾರರು.

ಇನ್ನು ಉರುಳಿಸುವ ಬಗೆ. ಒಂದು, ಎರಡನೆಯ ತರಗತಿಯ ಮಕ್ಕಳು ಕಾಲಗಲಿಸಿ ನಿಂತು ಎರಡೂ ಕೈಗಳಿಂದ ಚೆಂಡನ್ನು ಕಾಲುಗಳ ನಡುವಿನಿಂದ ನೂಕಲಿ. ದೂರ 10 ಅಡಿ ಸಾಕು. ಮೂರನೆಯ ತರಗತಿಯಿಂದ ಒಂದು ಕೈಯ ಉರುಳು ಕಲಿಸಬಹುದು. ಬಲಗೈಯಲ್ಲಿ ಚೆಂಡಿದ್ದರೆ ಎಡಗಾಲು ಮುಂದೆ, ಮೊಣಕಾಲು ಬಾಗಬೇಕು, ಕೈ ಗಡಿಯಾರದ ಲೋಲಕದಂತೆ ಹಿಂದೆ ಹೋಗಿ ಮುಂದೆ ಬರಬೇಕು, ನೆಲ ಮುಟ್ಟುವಷ್ಟು ಕೆಳಗೆ ಬಂದಾಗ ಚೆಂಡನ್ನು ಬಿಟ್ಟು ಕೈಯನ್ನು ಗುರಿಯ ಕಡೆಗೇ ಚಾಚಬೇಕು. ಎಡಚರಿಗೆ ಇದೆಲ್ಲ ತಿರುವುಮುರುವು. ಅವರನ್ನು ಬಲಗೈಗೆ ತಿದ್ದಹೋಗಬಾರದು. ನಿಯಮ ಒಂದೇ: ಮೊಣಕಾಲಿಗಿಂತ ಮೇಲೆ ಹಾರಿದ ಚೆಂಡು ಲೆಕ್ಕಕ್ಕಿಲ್ಲ. ಈ ನಿಯಮವೊಂದಿದ್ದರೆ ಪೆಟ್ಟಾಗುವ ಭಯ ಬಹುಮಟ್ಟಿಗೆ ಇಲ್ಲ.

ಈಗ ಆಟಗಳಿಗೆ ಬರೋಣ. ಮೊದಲನೆಯದು ಜೋಡಿಯಾಟ. ಇಬ್ಬರು ಮಕ್ಕಳು ಎದುರುಬದುರಾಗಿ ನಿಲ್ಲುತ್ತಾರೆ, ನಡುವೆ ಒಂದು ಬಾಟಲಿ. ಒಬ್ಬ ಉರುಳಿಸಿದ ಚೆಂಡು ಬಾಟಲಿಗೆ ತಗುಲಲಿ, ತಪ್ಪಲಿ, ಇನ್ನೊಬ್ಬನ ಕಡೆಗೆ ಹೋಗುತ್ತದೆ. ಬಾಟಲಿ ಬಿದ್ದರೆ ಇಬ್ಬರೂ ಓಡಿ ಬಂದು ನಿಲ್ಲಿಸಿ, ಒಂದೊಂದು ಹೆಜ್ಜೆ ಹಿಂದೆ ಸರಿದು ಮತ್ತೆ ಆಡುತ್ತಾರೆ. 40 ಮಕ್ಕಳಿಗೆ 20 ಜೋಡಿ, 20 ಚೆಂಡು. ಇಬ್ಬರ ಒಂದೊಂದು ಸರದಿಗೆ 12 ಸೆಕೆಂಡು ಹಿಡಿದರೂ ಹತ್ತು ನಿಮಿಷದಲ್ಲಿ ಪ್ರತಿ ಮಗುವೂ 50 ಸಲ ಚೆಂಡು ಉರುಳಿಸಿರುತ್ತದೆ. ಹಿಂದೆ ಹೇಳಿದ ಸಾಲಿನಲ್ಲಿ 40 ನಿಮಿಷಕ್ಕೆ ದೊರೆತದ್ದು ಎರಡೇ ಸಲವೆಂಬುದನ್ನು ನೆನೆಯಿರಿ.

ಎರಡನೆಯದು ನಾಲ್ವರ ಆಟ. ಒಬ್ಬ ಉರುಳಿಸುವವ, ಒಬ್ಬ ನಿಲ್ಲಿಸುವವ, ಒಬ್ಬ ಚೆಂಡು ತರುವವ. ನಾಲ್ಕನೆಯವನು ಮುಂದಿನ ಸರದಿಗಾಗಿ ನಿಂತಲ್ಲೇ ಹಗ್ಗವಿಲ್ಲದ ಹಗ್ಗದಾಟ ಜಿಗಿಯುತ್ತಿರುತ್ತಾನೆ. ಚೆಂಡು ಬಿಟ್ಟವನು ಅದರ ಬೆನ್ನ ಹಿಂದೆಯೇ ಓಡಿ ನಿಲ್ಲಿಸುವವನಾಗುತ್ತಾನೆ. ನಿಲ್ಲಿಸಿದವನು ಚೆಂಡು ತರುವವನಾಗುತ್ತಾನೆ. ತಂದವನು ಓಡಿ ಬಂದು ಚೆಂಡನ್ನು ನಾಲ್ಕನೆಯವನಿಗೆ ಕೊಟ್ಟು ಅವನ ಜಾಗದಲ್ಲಿ ಜಿಗಿಯತೊಡಗುತ್ತಾನೆ. ಏತದ ಬಾನಿಯಂತೆ ಕೆಲಸ ಸುತ್ತುತ್ತಲೇ ಇರುತ್ತದೆ. ಮೂರು ನಿಮಿಷದಲ್ಲಿ ನಾಲ್ವರೂ ಸೇರಿ ಎಷ್ಟು ಕೆಡವಿದರೆಂಬುದನ್ನು ಎಣಿಸಬೇಕು. ಮುಂದಿನ ಮೂರು ನಿಮಿಷದಲ್ಲಿ ತಮ್ಮ ಲೆಕ್ಕವನ್ನು ತಾವೇ ಮೀರಲು ಯತ್ನಿಸಬೇಕು.

ಮೂರನೆಯದನ್ನು ‘ಊರು ಕೆಡಹು, ಊರು ಕಟ್ಟು’ ಎಂದು ಕರೆಯಬಹುದು. ನಡುಬಯಲಿನಲ್ಲಿ ಇಪ್ಪತ್ತು ಮೂವತ್ತು ಬಾಟಲಿಗಳನ್ನು ಚೆಲ್ಲಿದಂತೆ ನಿಲ್ಲಿಸಬೇಕು. ಅರ್ಧ ತರಗತಿ ಸುತ್ತಲಿನ ಗೆರೆಯ ಹೊರಗೆ ನಿಂತು ಚೆಂಡು ಉರುಳಿಸಿ ಕೆಡಹುತ್ತದೆ. ಇನ್ನರ್ಧ ಒಳಗೆ ಓಡಾಡುತ್ತ ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತದೆ, ಒಳಗೆ ನಿಂತುಹೋದ ಚೆಂಡನ್ನು ಹೊರಕ್ಕೆ ಉರುಳಿಸುತ್ತದೆ. ಎರಡು ನಿಮಿಷಕ್ಕೆ ಚಪ್ಪಾಳೆ. ನಿಂತಿರುವ ಬಾಟಲಿಗಳನ್ನು ಎಣಿಸಿ ಪಕ್ಷಗಳನ್ನು ಬದಲಿಸಬೇಕು. ಕಟ್ಟುವ ಪಕ್ಷ ಕೆಡಹುವ ಪಕ್ಷಕ್ಕಿಂತ ಹೆಚ್ಚು ಬೆವರುತ್ತದೆಂಬುದು ಮಕ್ಕಳಿಗೆ ಒಂದೇ ಆಟದಲ್ಲಿ ತಿಳಿದುಬರುತ್ತದೆ, ಬೋಧನೆ ಬೇಕಾಗುವುದಿಲ್ಲ.

ನಾಲ್ಕನೆಯದಕ್ಕೆ ಹಳ್ಳಿಯ ಮಕ್ಕಳು ಕೋಲಿನಿಂದ ಬಡಿಯುತ್ತ ಓಡಿಸುವ ಹಳೆಯ ಟೈರು ಬೇಕು. ಇಬ್ಬರು ಟೈರನ್ನು ಬಯಲಿನ ನಡುವೆ ಉರುಳಿಸಿಕೊಂಡು ಹೋಗುತ್ತಾರೆ. ಉಳಿದವರು ಒಂದೇ ಪಕ್ಕದಲ್ಲಿ ನಿಂತು ಅದರ ಬಳೆಯೊಳಗಿಂದ ಚೆಂಡು ತೂರಿಸಲು ಹವಣಿಸುತ್ತಾರೆ. ಚಲಿಸುವ ಗುರಿಗೆ ಎಷ್ಟು ಮುಂಚೆ ಚೆಂಡು ಬಿಡಬೇಕೆಂಬುದು ಐದನೆಯ ತರಗತಿಯವರಿಗೆ ಒಳ್ಳೆಯ ಒಗಟು. ಟೈರು ದಾಟಿದ ಮೇಲೆ ಎಲ್ಲರೂ ಒಟ್ಟಿಗೆ ಓಡಿ ತಮ್ಮ ತಮ್ಮ ಚೆಂಡು ತರುತ್ತಾರೆ.

ಈ ನಾಲ್ಕರಲ್ಲಿಯೂ ‘ಔಟ್’ ಎಂಬ ಮಾತಿಲ್ಲವೆಂಬುದನ್ನು ಗಮನಿಸಬೇಕು. ಔಟಾಗುವ ಆಟದಲ್ಲಿ ಮೊದಲು ಹೊರಬೀಳುವ ಮಗು ಯಾವುದು? ಯಾರಿಗೆ ಅಭ್ಯಾಸ ಅತ್ಯಂತ ಅಗತ್ಯವೋ ಆ ಮಗುವೇ. ಅದು ಬೇವಿನ ಗಿಡದ ಬುಡದಲ್ಲಿ ಕುಳಿತು ಉಳಿದವರ ಚಪ್ಪಲಿ ಕಾಯುತ್ತದೆ. ಚುರುಕಿನ ಮಗು ಇನ್ನಷ್ಟು ಚುರುಕಾಗುತ್ತದೆ. ಸ್ಪರ್ಧೆ ಇಲ್ಲದೆ ಮಕ್ಕಳಿಗೆ ಹುರುಪು ಬರುವುದೆಂತು ಎಂದು ಕೆಲವರು ಕೇಳಬಹುದು. ಸ್ಪರ್ಧೆ ಇರಲಿ, ನಿನ್ನೆಯ ಲೆಕ್ಕವನ್ನು ಇಂದು ಮೀರುವ ಸ್ಪರ್ಧೆ ಇರಲಿ, ಪಕ್ಷ ಪಕ್ಷಗಳ ಸ್ಪರ್ಧೆಯೂ ಇರಲಿ. ಸೋತ ಮಗುವಿಗೆ ಮತ್ತೆ ಚೆಂಡು ಸಿಗುವಂತಿದ್ದರೆ ಸಾಕು. ಜಿಲ್ಲಾ ಪಂದ್ಯಕ್ಕೆ ಆಟಗಾರರನ್ನು ಆರಿಸುವ ಕಾಲ ಮುಂದೆ ಪ್ರೌಢಶಾಲೆಯಲ್ಲಿ ಬಂದೇ ಬರುತ್ತದೆ.

ಈ ಮಾತಿಗೆ ಈ ಸೀಮೆಯಲ್ಲಿ ವಿಶೇಷ ತೂಕವುಂಟು. ಮಳೆ ಕೈಕೊಟ್ಟ ವರ್ಷ, ಕೆಲವೊಮ್ಮೆ ಕೊಡದ ವರ್ಷವೂ, ಇಲ್ಲಿಯ ಹಳ್ಳಿ ತಾಂಡಾಗಳಿಂದ ಕುಟುಂಬಗಳು ಗೋವೆಗೆ, ಮಹಾರಾಷ್ಟ್ರಕ್ಕೆ, ಕಬ್ಬಿನ ಸೀಮೆಗಳಿಗೆ ಗುಳೆ ಹೋಗುತ್ತವೆ. ಸಂಗಡ ಹೋದ ಮಗು ತಿಂಗಳುಗಳ ಮೇಲೆ ತರಗತಿಗೆ ಮರಳಿ ಬಂದಾಗ ಪಾಠ ಎಲ್ಲಿಗೋ ಮುಂದೆ ಹೋಗಿರುತ್ತದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಬೇರೆ ಗೆಳತಿ ಸಿಕ್ಕಿರುತ್ತಾಳೆ. ಭಾಗಾಕಾರವನ್ನು ಆ ಮಗು ಒಂದು ದಿನದಲ್ಲಿ ಹಿಡಿಯಲಾರದು. ನಾಲ್ವರ ಆಟದಲ್ಲಿ ನಾಲ್ಕನೆಯವಳಾಗಿ ಅಂದೇ ಸೇರಬಹುದು. ಬಾಟಲಿ ನಿಲ್ಲಿಸಲು ಬಂದವಳನ್ನು ಗುಂಪು ಹೆಸರು ಹಿಡಿದು ಕೂಗುತ್ತದೆ. ಹಾಗೆ ಕೂಗಿಸಿಕೊಂಡ ಮಗುವಿಗೆ ಮರುದಿನ ಶಾಲೆಗೆ ಬರಲು ಒಂದು ಕಾರಣವಿರುತ್ತದೆ.

ಅಂಗವೈಕಲ್ಯವುಳ್ಳ ಮಗುವಿಗೂ ಉರುಳುವ ಚೆಂಡು ದಾರಿ ಕೊಡುತ್ತದೆ. ಬೋಚಿಯಾ ಎಂಬ ಚೆಂಡಿನಾಟ 1984ರಿಂದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿದೆ. ಕೈಯಿಂದ ಚೆಂಡನ್ನು ಎಸೆಯಲಾರದವರು ಅದರಲ್ಲಿ ಇಳಿಜಾರಾದ ದೋಣಿಯ ಮೇಲಿಂದ ಚೆಂಡನ್ನು ಬಿಡುತ್ತಾರೆ. ನಮ್ಮ ಶಾಲೆಯಲ್ಲಿ ಒಂದು ಹಲಗೆಯನ್ನೋ ಸೀಳಿದ ಕೊಳವೆಯನ್ನೋ ಬೆಂಚಿಗೆ ಆನಿಸಿಟ್ಟರೆ ಕುಳಿತಲ್ಲಿಂದಲೇ ಮಗು ಗುರಿಯಿಡಬಲ್ಲದು. ಕಣ್ಣು ಕಾಣದ ಮಗುವಿಗಾಗಿ ಬಾಟಲಿಯ ಹಿಂದೆ ನಿಂತು ಚಪ್ಪಾಳೆ ತಟ್ಟುವ ಗೆಳೆಯನೊಬ್ಬನಿದ್ದರೆ, ಬಾಟಲಿಯೊಳಗೆ ನಾಲ್ಕು ಹರಳುಗಳಿದ್ದರೆ, ಗುರಿಯೂ ಕೇಳಿಸುತ್ತದೆ, ಗುರಿ ಬಿದ್ದದ್ದೂ ಕೇಳಿಸುತ್ತದೆ.

ಬಾಟಲಿಗಳ ಮೇಲೆ ಅಂಕಿ ಬರೆದರೆ ಕೂಡುವ ಲೆಕ್ಕವಾಯಿತು. ಅಕ್ಷರ ಬರೆದರೆ, ಬಿದ್ದ ಅಕ್ಷರಗಳಿಂದ ಪದ ಕಟ್ಟುವ ಕನ್ನಡದ ಪಾಠವಾಯಿತು. ಆಟದ ಅವಧಿಯನ್ನು ಗಣಿತ ನುಂಗುತ್ತದೆಂಬ ದೂರು ಹಳೆಯದು. ಒಮ್ಮೆಯಾದರೂ ಗಣಿತವೇ ಎದ್ದು ಬಯಲಿಗೆ ಬರಲಿ.

ಶನಿವಾರದ ಬೆಳಗಿನ ಶಾಲೆಯಲ್ಲಿ ಸಾಮೂಹಿಕ ಕವಾಯತು ಮುಗಿಯುವ ಹೊತ್ತಿಗೆ ಬಿಸಿಲು ಇನ್ನೂ ಏರಿರುವುದಿಲ್ಲ. ಅಲ್ಲಿಂದ ಒಂದು ಅರ್ಧ ಗಂಟೆ ಇದಕ್ಕೆ ಸಿಕ್ಕರೆ ಆರಂಭಕ್ಕೆ ಸಾಕು. ಶುಕ್ರವಾರ ಸಂಜೆ ಮಕ್ಕಳಿಗೆ ಹೀಗೆ ಹೇಳಿ ಕಳಿಸಬಹುದು: ನಾಳೆ ಬರುವಾಗ ಒಬ್ಬೊಬ್ಬರೂ ಒಂದು ಖಾಲಿ ಬಾಟಲಿ, ಒಂದು ಹರಕು ಅರಿವೆ ತನ್ನಿರಿ. ಚೆಂಡು ಸುತ್ತುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.